ಗಂಡೋ ಹೆಣ್ಣೋ ಎಂದು ಕೇಳುವುದನ್ನು ಗೇಮ್‌ಗಳು ಬಿಟ್ಟವೇ?

ಪ್ರಶ್ನೆ: ಕಾಲೇಜು ದಿನಗಳಲ್ಲಿ ನಾನು ರೋಲ್‌ಪ್ಲೇಯಿಂಗ್ ಗೇಮ್‌ಗಳನ್ನು, ಅಂದರೆ ನಾವೇ ಒಂದು ಪಾತ್ರ ಕಟ್ಟಿಕೊಂಡು ಕಥೆಯೊಳಗೆ ಆಡುವ ಆಟಗಳನ್ನು ಆಡುತ್ತಿದ್ದೆ. ಪಾತ್ರ ಕಟ್ಟುವಾಗ ಗಂಡೋ ಹೆಣ್ಣೋ ಎಂಬ ಪ್ರಶ್ನೆ ಎದುರಾಗುತ್ತಿತ್ತು. ಈಗ ಮಗಳು ಆಡುವ ‘ಎಲ್ಡನ್ ರಿಂಗ್’ನಲ್ಲಿ ಅದೇ ಜಾಗದಲ್ಲಿ ‘ಟೈಪ್ ಎ’, ‘ಟೈಪ್ ಬಿ’ ಎಂದಿದೆ. ಇದು ಈಚಿನ ಫ್ಯಾಷನ್ನೇ, ನಿಜಕ್ಕೂ ಏನಾದರೂ ಬದಲಾಗಿದೆಯೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಈಚಿನದಂತೂ ಅಲ್ಲ. 1983ರ ‘ಅಲ್ಟಿಮಾ 3’ರಲ್ಲೇ ಗಂಡು, ಹೆಣ್ಣು, ಇತರೆ ಎಂಬ ಮೂರು ಆಯ್ಕೆಗಳಿದ್ದವು.

ನೀವು ನೆನಪಿಸಿಕೊಂಡ ಪ್ರಶ್ನೆ ನೋಡಲು ಒಂದೇ. ಬಿಚ್ಚಿದರೆ ದೊಡ್ಡ ಗಂಟು. ಮೈಕಟ್ಟು, ದನಿ, ಉಡುಪು, ಯಾರನ್ನು ಪ್ರೀತಿಸಬಹುದು, ಕೆಲವೆಡೆ ತೋಳ್ಬಲವನ್ನೂ ಆ ಒಂದೇ ಉತ್ತರ ತೀರ್ಮಾನಿಸುತ್ತಿತ್ತು. ದಾಳ ಉರುಳಿಸಿ ಆಡುವ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ನ 1978ರ ನಿಯಮಪುಸ್ತಕದ ಪ್ರಕಾರ ಮನುಷ್ಯಕುಲದ ಯೋಧನ ಶಕ್ತಿ 18/00ರವರೆಗೆ ಏರಬಹುದು (18ರ ಮುಂದಿನದು ಯೋಧರಿಗೆ ಸಿಗುವ, ನೂರರವರೆಗಿನ ಹೆಚ್ಚುವರಿ ಅಂಕ; 00 ಎಂದರೆ ನೂರು), ಯೋಧೆಯದು 18/50ಕ್ಕೇ ನಿಲ್ಲಬೇಕು. 1988ರ ‘ಪೂಲ್ ಆಫ್ ರೇಡಿಯನ್ಸ್’ ಈ ಮಿತಿಯನ್ನು ಕಂಪ್ಯೂಟರಿಗೂ ತಂದಿತು. ಮಾಟಮಂತ್ರದ ಲೋಕ ಕಟ್ಟಿದವರಿಗೆ ಅಷ್ಟರಮಟ್ಟಿಗೆ ವಾಸ್ತವದ ಚಿಂತೆ ಇತ್ತು! 2002ರ ‘ಮೊರೊವಿಂಡ್’ನಲ್ಲೂ ಒಂದೇ ಕುಲದ ಗಂಡುಹೆಣ್ಣಿಗೆ ಆರಂಭದ ಅಂಕಗಳು ಬೇರೆ ಇದ್ದವು. 2011ರ ‘ಸ್ಕೈರಿಮ್’ ಹೊತ್ತಿಗೆ ಆ ಭೇದ ಹೋಗಿತ್ತು.

ಹಾಗಾಗಿ ನಾನು ನೋಡುವುದು ಗಂಟು ಎಷ್ಟು ಬಿಚ್ಚಿದೆ ಎಂಬುದನ್ನು. 2023ರ ‘ಬಾಲ್ಡರ್ಸ್ ಗೇಟ್ 3’ರಲ್ಲಿ ಮೈಕಟ್ಟು, ದನಿ, ಲಿಂಗದ ಗುರುತು ಎಲ್ಲವನ್ನೂ ಬೇರೆಬೇರೆಯಾಗಿ ಆರಿಸಬಹುದು. 2020ರ ‘ಸೈಬರ್‌ಪಂಕ್ 2077’ ಮೈ ಮತ್ತು ದನಿಯನ್ನು ಬೇರ್ಪಡಿಸಿತಾದರೂ ಇತರರು ನಿಮ್ಮನ್ನು ಅವನು ಎನ್ನಬೇಕೋ ಅವಳು ಎನ್ನಬೇಕೋ ಎಂಬುದನ್ನು ದನಿಗೇ ಕಟ್ಟಿಹಾಕಿತು. ನಿಮ್ಮ ಮಗಳ ಆಟದ ‘ಎ’, ‘ಬಿ’? ಗಂಡು ಮೈಕಟ್ಟು ಮತ್ತು ಹೆಣ್ಣು ಮೈಕಟ್ಟಿನ ಹೊಸ ಹೆಸರುಗಳು. ಅಂಗಡಿ ಅದೇ, ಬೋರ್ಡು ಮಾತ್ರ ಬೇರೆ.

ಆಯ್ಕೆ ಕೊಡುವುದು ಬೇರೆ, ಅದನ್ನು ಮುಂದಿಟ್ಟು ತೋರಿಸುವುದು ಬೇರೆ. 2007ರ ‘ಮಾಸ್ ಎಫೆಕ್ಟ್’ನ ನಾಯಕಪಾತ್ರ ಕಮಾಂಡರ್ ಶೆಪರ್ಡ್ ಹೆಣ್ಣೂ ಆಗಬಹುದಿತ್ತು. ಜೆನಿಫರ್ ಹೇಲ್ ಕೊಟ್ಟ ಆ ದನಿಯ ಮುಂದೆ ಗಂಡು ಶೆಪರ್ಡ್ ನನಗಂತೂ ಸಪ್ಪೆ. ಆದರೂ ಪೆಟ್ಟಿಗೆಯ ಮೇಲೆ ಅವನದೇ ಮುಖ. ಹೆಣ್ಣು ಶೆಪರ್ಡ್ ಪ್ರಚಾರದಲ್ಲಿ ಕಾಣಿಸಿಕೊಂಡದ್ದು 2012ರ ಮೂರನೆಯ ಭಾಗದ ಹೊತ್ತಿಗೆ. 2021ರ ಮರುಬಿಡುಗಡೆಯ ಬಳಿಕ ಕಂಪನಿ ಕೊಟ್ಟ ಲೆಕ್ಕದಲ್ಲಿ ಶೇ 32 ಮಂದಿ ಹೆಣ್ಣು ಶೆಪರ್ಡ್ ಆಗಿ ಆಡಿದ್ದರು.

ಪ್ರಶ್ನೆ: ಕನ್ನಡದಲ್ಲೇ ಇಂಥದೊಂದು ಗೇಮ್ ಬರೆಯುತ್ತಿದ್ದೇವೆ. ನಮ್ಮಲ್ಲಿ ಕ್ರಿಯಾಪದವೇ ಲಿಂಗ ಹೇಳಿಬಿಡುತ್ತದೆ. ಏನು ಮಾಡುವುದು?
– ವಿದ್ಯಾರ್ಥಿಗಳು, ಬೆಂಗಳೂರು

ಉತ್ತರ: ಎಲ್ಲ ಕಡೆಯೂ ಹೇಳುವುದಿಲ್ಲ. ‘ನಾನು ಬಂದೆ’, ‘ನೀನು ಗೆದ್ದೆ’ ಎಂಬಲ್ಲಿ ಲಿಂಗದ ಸುಳಿವೇ ಇಲ್ಲ. ಹಿಂದಿಯಲ್ಲಿ ಬರೆಯುವವರಿಗೆ ಈ ಅನುಕೂಲವಿಲ್ಲ. ತೊಡಕು ಬರುವುದು ‘ಬಂದನು’, ‘ಬಂದಳು’ ಎನ್ನುವಾಗ. ‘ಬಂದರು’ ಎಂದು ತಪ್ಪಿಸಿಕೊಳ್ಳಬಹುದು, ಆದರೆ ದರೋಡೆಕೋರ ‘ಅವರು ಬಂದರು, ಹಿಡಿಯಿರಿ’ ಎಂದು ಮರ್ಯಾದೆ ಕೊಟ್ಟು ಕೂಗಿದರೆ ಯಾರು ಹೆದರುತ್ತಾರೆ? ಅಂಥ ಮಾತುಗಳನ್ನು ಎರಡೆರಡು ಬಗೆಯಲ್ಲಿ ಬರೆದು ಧ್ವನಿಮುದ್ರಿಸಿಕೊಳ್ಳಿ. ಇನ್ನು ಊರಿನ ಅಂಗಡಿಯವನು ನಾಯಕಪಾತ್ರವನ್ನು ಕರೆಯದೆ ಮಾತು ಶುರುಮಾಡುವುದಿಲ್ಲವಲ್ಲ: ಅಣ್ಣ ಎನ್ನಬೇಕೇ, ಅಕ್ಕ ಎನ್ನಬೇಕೇ, ಬರೀ ಹೆಸರು ಸಾಕೇ? ಪಾತ್ರ ಕಟ್ಟುವ ಪರದೆಯಲ್ಲಿ ಅದನ್ನೇ ನೇರವಾಗಿ ಕೇಳಿಬಿಡಿ.