ಮೂರು ಹ್ಯಾಂಡ್ಸ್‌ಫ್ರೀ ಇರಲಿ, ಕರೆ ಮಾತ್ರ ಒಂದಕ್ಕೇ ಬರಲಿ

ಕಾರಿನ ಸ್ಟೀರಿಯೋ, ಹೆಲ್ಮೆಟ್ಟಿನೊಳಗಿನ ಹೆಡ್‌ಸೆಟ್, ಕಿವಿಯ ಇಯರ್‌ಬಡ್ ಮೂರನ್ನೂ ಬ್ಲೂಟೂತ್‌ನಲ್ಲಿ ಮೊಬೈಲಿಗೆ ಸದಾ ಜೋಡಿಸಿಟ್ಟು, ಕರೆ ಬಂದಾಗ ಯಾವುದು ಹತ್ತಿರವಿದೆಯೋ ಅದರಲ್ಲಿ ಮಾತನಾಡಬೇಕು, ಅದಕ್ಕೆ ಯಾವ ಫೋನ್ ಕೊಳ್ಳಲಿ ಎಂದು ಕೇಳಿದ್ದೀರಿ. ನನ್ನ ಬಳಿಯೂ ಇದೇ ಮೂರು ಇದ್ದವು. ಇಯರ್‌ಬಡ್ ಬದಲು ನೆಕ್‌ಬ್ಯಾಂಡ್, ಅಷ್ಟೇ ವ್ಯತ್ಯಾಸ. ಹೊಸ ಫೋನಿಗೆ ದುಡ್ಡು ಹಾಕಬೇಡಿ, ಇರುವುದೇ ಸಾಕು. ಆದರೆ ಮೂರಕ್ಕೂ ಕರೆ ಹೋಗುವಂತೆ ಮಾತ್ರ ಇಟ್ಟುಕೊಳ್ಳಬೇಡಿ. ಏಕೆಂದು ಹೇಳುತ್ತೇನೆ, ಸ್ವಲ್ಪ ಉದ್ದವಾದೀತು.

ನಮ್ಮದು ಶಿರಸಿ ಕಡೆಯ ಅಡಿಕೆ ತೋಟ. ನನಗೂ ಬೆಂಗಳೂರಿನಲ್ಲಿರುವ ಅಕ್ಕನಿಗೂ ಸೇರಿದ್ದು. ಮರ ಹತ್ತಿ ಅಡಿಕೆಯ ಕೊನೆ ಕೊಯ್ಯುವ ಕೊನೆಗೌಡರು ಸಿಗುವುದು ಕಷ್ಟವಾದ ಮೇಲೆ ಫಸಲನ್ನು ಮರದ ಮೇಲಿರುವಾಗಲೇ ಚೇಣಿಗೆ, ಅಂದರೆ ಗುತ್ತಿಗೆಗೆ, ಕೊಡುತ್ತಿದ್ದೇವೆ. ಚೇಣಿಯವರು ತೋಟ ಸುತ್ತಿ, ತಲೆ ಎತ್ತಿ ಕೊನೆಗಳನ್ನು ನೋಡಿ ಅಂದಾಜು ಕಟ್ಟುತ್ತಾರೆ. ನಾವೊಂದು ಮೊತ್ತ ಹೇಳುತ್ತೇವೆ, ಅವರೊಂದು ಹೇಳುತ್ತಾರೆ, ನಡುವೆ ಎಲ್ಲೋ ವ್ಯವಹಾರ ಕುದುರುತ್ತದೆ. ನಾವು ಎಲ್ಲಿಯವರೆಗೆ ಇಳಿಯುತ್ತೇವೆ ಎಂಬುದು ಎದುರಿನವರಿಗೆ ತಿಳಿಯದಿದ್ದರೆ ಮಾತ್ರ ಆ ಮಾತುಕತೆಗೆ ಅರ್ಥ.

ಒಂದು ವರ್ಷ ಬಂದವರು ಹಳೆಯ ಪರಿಚಯದವರೇ, ಬೈಕಿನಲ್ಲಿ ಇಬ್ಬರು. ತೋಟ ಸುತ್ತಿ ದಣಪೆಯ (ಬೇಲಿಬಾಗಿಲಿನ) ಹತ್ತಿರ ಬರುವಷ್ಟರಲ್ಲಿ ಮಳೆ ಹಿಡಿದುಕೊಂಡಿತು. ಅಲ್ಲೇ ನಿಲ್ಲಿಸಿದ್ದ ನನ್ನ ಕಾರಿನಲ್ಲಿ ಇಬ್ಬರನ್ನೂ ಕೂರಿಸಿ ಕೀಲಿಯನ್ನೂ ಕೊಟ್ಟೆ. “ಗಾಜು ಮಬ್ಬಾದರೆ ಎಸಿ ಹಾಕಿಕೊಳ್ಳಿ, ಅಕ್ಕನನ್ನು ಒಂದು ಮಾತು ಕೇಳಿ ಬರುತ್ತೇನೆ” ಎಂದು ಹೇಳಿ ಪಂಪ್‌ಸೆಟ್ಟಿನ ಶೆಡ್ಡಿಗೆ ಹೋದೆ. ಕಾರಿಗೂ ಶೆಡ್ಡಿಗೂ ಮೂರು ಅಡಿಕೆ ಮರದಷ್ಟು ಅಂತರ. ಮೊಬೈಲ್ ಜೇಬಿನಲ್ಲಿ, ನೆಕ್‌ಬ್ಯಾಂಡ್ ಕುತ್ತಿಗೆಯಲ್ಲಿ. ಎಂಟು ಲಕ್ಷ ಎಂದು ಹೇಳಿದ್ದೆ. ಅವರು ಆರೂವರೆಯಲ್ಲಿದ್ದರು. ಏಳೂವರೆಗೆ ತಂದು ನಿಲ್ಲಿಸುವ ಭರವಸೆ ನನಗಿತ್ತು.

ಅಕ್ಕ ಫೋನ್ ಎತ್ತಿದಳು. ಅವರ ಅಂದಾಜು ಎಷ್ಟೆಂದು ಹೇಳಿದೆ. ಅವಳು “ನೋಡು ತಮ್ಮಾ” ಎಂದದ್ದು ಕೇಳಿಸಿತು, ಮುಂದಿನದು ಕೇಳಿಸಲಿಲ್ಲ. ಹಲೋ ಹಲೋ ಎಂದೆ. ನಮ್ಮ ಕಡೆ ಗುಡ್ಡದ ಮರೆಯಲ್ಲಿ ನೆಟ್‌ವರ್ಕ್ ಹೋಗುವುದು ದಿನನಿತ್ಯದ ಸಂಗತಿ, ಅದರಲ್ಲೂ ಮಳೆ. ಮೊಬೈಲ್ ತೆಗೆದು ನೋಡಿದರೆ ಕರೆ ಕಡಿದಿರಲಿಲ್ಲ, ಸೆಕೆಂಡುಗಳು ಓಡುತ್ತಲೇ ಇದ್ದವು. ಕಡಿದು ಮತ್ತೆ ಮಾಡಿದೆ. ಈ ಸಲ ರಿಂಗ್ ಆಗುವ ಸದ್ದೂ ಇಲ್ಲ, ಆದರೆ ಸೆಕೆಂಡುಗಳು ಮತ್ತೆ ಓಡತೊಡಗಿದವು. ಶೆಡ್ಡಿನ ತಗಡಿನ ಮೇಲೆ ಮಳೆ ಬಾರಿಸುತ್ತಿದ್ದುದರಿಂದ ಕಾರಿನ ಎಂಜಿನ್ ಚಾಲೂ ಆದದ್ದು ನನ್ನ ಗಮನಕ್ಕೆ ಬಂದಿರಲಿಲ್ಲ.

ಅವರು ಎಸಿ ಹಾಕಿಕೊಳ್ಳಲು ಕೀಲಿ ತಿರುಗಿಸಿದ್ದರು. ಸ್ಟೀರಿಯೋ ಎದ್ದು, ಪರಿಚಯದ ಫೋನ್ ಹತ್ತಿರವಿದೆಯೇ ಎಂದು ತಾನಾಗಿಯೇ ಹುಡುಕಿ, ನನ್ನ ಜೇಬಿನ ಮೊಬೈಲನ್ನು ಹಿಡಿದು, ನಡೆಯುತ್ತಿದ್ದ ಕರೆಯನ್ನು ತನ್ನ ಕಡೆಗೆ ಎಳೆದುಕೊಂಡಿತ್ತು. ಅಕ್ಕನ ಧ್ವನಿ ಕಾರಿನ ನಾಲ್ಕೂ ಬಾಗಿಲುಗಳ ಸ್ಪೀಕರಿನಲ್ಲಿ ಹೊರಬರುತ್ತಿತ್ತು. ನನ್ನ ಹಲೋ ಅವಳಿಗೆ ಮುಟ್ಟಲಿಲ್ಲ, ಏಕೆಂದರೆ ಮೈಕು ಕೂಡ ಈಗ ಕಾರಿನದೇ. ಅವಳು ನನಗೆ ಕೇಳಿಸುತ್ತಿದೆ ಎಂದೇ ತಿಳಿದು ಎರಡೂ ಸಲ ಹೇಳಿದ್ದು ಇಷ್ಟು: “ಏಳಕ್ಕೆ ಬಂದರೆ ಬಿಡಬೇಡ. ಈ ತಿಂಗಳೊಳಗೆ ಹುಡುಗನ ಕಾಲೇಜಿಗೆ ಕಟ್ಟಲೇಬೇಕು.”

ನಾನು ಕೊಡೆ ಹಿಡಿದು ಕಾರಿನ ಹತ್ತಿರ ಬಂದಾಗ ಅವರಲ್ಲೊಬ್ಬರು ಗಾಜು ಇಳಿಸಿ, ನನ್ನ ಮುಖ ನೋಡದೆ ಹೇಳಿದರು: “ಹೆಗಡೆಯವರೇ, ಏಳಕ್ಕೆ ಮುಗಿಸಿಬಿಡೋಣ. ಮುಂಗಡ ಈ ತಿಂಗಳೊಳಗೇ ಕೊಡುತ್ತೇನೆ.” ತಿಂಗಳ ವಿಷಯ ನಾನು ಎತ್ತಿಯೇ ಇರಲಿಲ್ಲ. ಅವರ ಭುಜದಾಚೆ ಸ್ಟೀರಿಯೋದ ಪರದೆ ಕಾಣಿಸಿತು. ಅದರ ಮೇಲೆ ‘ಅಕ್ಕ’ ಎಂಬ ಹೆಸರು ಇನ್ನೂ ಬೆಳಗುತ್ತಿತ್ತು.

ಅವರ ಮೇಲೆ ನನಗೆ ಸಿಟ್ಟಿಲ್ಲ. ಪರರ ಕಾರಿನಲ್ಲಿ ಕೂತವರಿಗೆ ಯಾವ ಗುಂಡಿ ಒತ್ತಿದರೆ ಸದ್ದು ನಿಲ್ಲುತ್ತದೆ ಎಂದು ತಿಳಿಯುವುದಾದರೂ ಹೇಗೆ? ಏಳಕ್ಕೇ ಒಪ್ಪಿಕೊಂಡೆವು. ಹೋದ ಐವತ್ತು ಸಾವಿರಕ್ಕಿಂತ, ತನ್ನ ಮನೆಯ ಅಡಚಣೆ ಹೊರಗಿನವರ ಕಿವಿಗೆ ಬಿತ್ತು ಎಂಬುದು ಅಕ್ಕನಿಗೆ ಹೆಚ್ಚು ನೋವಾಯಿತು.

ಇನ್ನು ತಪ್ಪು ಎಲ್ಲಾಯಿತು ಎಂಬುದನ್ನು ಬಿಡಿಸಿ ಹೇಳಲೇಬೇಕು, ಏಕೆಂದರೆ ನಿಮ್ಮ ಪ್ರಶ್ನೆಯಲ್ಲೂ ಅದೇ ನಂಬಿಕೆ ಕುಳಿತಿದೆ. ಕೀಲಿ ಕೊಟ್ಟದ್ದು ತಪ್ಪಲ್ಲ. ಶೆಡ್ಡಿನಲ್ಲಿ ನಿಂತು ಮಾತನಾಡಿದ್ದೂ ಅಲ್ಲ. ಕಾರು ಕೊಂಡ ದಿನ ಸ್ಟೀರಿಯೋವನ್ನು ಮೊಬೈಲಿಗೆ ಜೋಡಿಸುವಾಗ ಫೋನ್ ಕೇಳಿದ್ದಕ್ಕೆಲ್ಲ ‘ಸರಿ’ ಎಂದು ಒತ್ತಿದ್ದೆ. ಹೆಲ್ಮೆಟ್ಟಿಗೂ ಹಾಗೇ, ನೆಕ್‌ಬ್ಯಾಂಡಿಗೂ ಹಾಗೇ. ಯಾವುದು ನನ್ನ ಕಿವಿಯಲ್ಲಿದೆ ಎಂದು ಫೋನಿಗೆ ಗೊತ್ತಿರುತ್ತದೆ, ಕರೆಯನ್ನು ಅಲ್ಲಿಗೇ ಕಳಿಸುತ್ತದೆ ಎಂದು ನಂಬಿದ್ದೆ. ಫೋನಿಗೆ ಅದು ಗೊತ್ತಿರುವುದಿಲ್ಲ. ಅದಕ್ಕೆ ಕಾಣುವುದು ಸಂಪರ್ಕಕ್ಕೆ ಬಂದ ಸಾಧನಗಳ ಪಟ್ಟಿ ಮಾತ್ರ, ಮತ್ತು ಸಾಮಾನ್ಯವಾಗಿ ಕೊನೆಗೆ ಬಂದವರಿಗೆ ಮಣೆ. ಕೆಲವು ಇಯರ್‌ಬಡ್‌ಗಳಲ್ಲಿ ಕಿವಿಯಲ್ಲಿದೆಯೇ ಎಂದು ತಿಳಿಯುವ ಸಂವೇದಕ ಇರುತ್ತದೆ ನಿಜ. ಆದರೆ ಅದು ತನ್ನ ವಿಷಯವನ್ನಷ್ಟೇ ಹೇಳಬಲ್ಲದು, ಕಾರು ಕರೆಯನ್ನು ಎಳೆದುಕೊಳ್ಳುವುದನ್ನು ತಡೆಯಲಾರದು. ಮುನ್ಸೂಚನೆಯೂ ಸಿಕ್ಕಿತ್ತು. ಮನೆಯವಳು ಪೇಟೆಗೆ ಹೊರಟು ಕಾರು ಚಾಲೂ ಮಾಡಿದಾಗಲೆಲ್ಲ ಅಂಗಳದಲ್ಲಿ ನಿಂತು ಮಾತನಾಡುತ್ತಿದ್ದ ನನಗೆ ಧ್ವನಿ ಮಾಯವಾಗುತ್ತಿತ್ತು, ಅವಳು ಗೇಟು ದಾಟಿ ಹೋದ ಮೇಲೆ ಮತ್ತೆ ಬರುತ್ತಿತ್ತು. ಅದನ್ನೂ ನೆಟ್‌ವರ್ಕಿನ ತಲೆಗೆ ಕಟ್ಟಿದ್ದೆ. ಕರೆಯ ನಡುವೆ ಪರದೆಯ ಮೇಲೆ ಸ್ಪೀಕರ್ ಗುಂಡಿ ಇರುವ ಜಾಗದಲ್ಲಿ, ಧ್ವನಿ ಈಗ ಯಾವ ಸಾಧನಕ್ಕೆ ಹೋಗುತ್ತಿದೆ ಎಂಬುದು ಕಾಣಿಸುತ್ತದೆ. ಶೆಡ್ಡಿನಲ್ಲಿ ಮೊಬೈಲ್ ಕೈಗೆತ್ತಿಕೊಂಡಾಗ ಅಲ್ಲಿ ಕಾರಿನ ಹೆಸರು ಇದ್ದಿರಲೇಬೇಕು. ನಾನು ನೋಡಿದ್ದು ಸೆಕೆಂಡುಗಳನ್ನು ಮಾತ್ರ.

ಅಂಗಡಿಯವರು ಹೇಳುವ ಸಂಖ್ಯೆಗಳು ಸುಳ್ಳಲ್ಲ, ಆದರೆ ದಾರಿ ತಪ್ಪಿಸುತ್ತವೆ. ಬ್ಲೂಟೂತ್‌ನ ಮೂಲ ಏರ್ಪಾಡಿನಲ್ಲಿ ಒಂದು ಸಾಧನದ ಸುತ್ತ ಏಕಕಾಲಕ್ಕೆ ಏಳು ಸಕ್ರಿಯವಾಗಿರಬಹುದು. 2018ರ ಆಂಡ್ರಾಯ್ಡ್ 9ರಲ್ಲಿ ಐದು ಆಡಿಯೋ ಸಾಧನಗಳವರೆಗೆ ಒಟ್ಟಿಗೆ ಸಂಪರ್ಕದಲ್ಲಿ ಇಟ್ಟುಕೊಳ್ಳುವ ಸೌಲಭ್ಯ ಬಂತು. ಇಷ್ಟು ಕೇಳಿದ ಕೂಡಲೇ ಐದರಲ್ಲೂ ಮಾತನಾಡಬಹುದು ಎಂದು ನಾವು ತಿಳಿಯುತ್ತೇವೆ. ಒಮ್ಮೆ ಪರಿಚಯ ಮಾಡಿಸಿ ಜೋಡಿಸಿರುವುದು ಒಂದು, ಈ ಹೊತ್ತು ಸಂಪರ್ಕದಲ್ಲಿರುವುದು ಇನ್ನೊಂದು, ಕರೆಯ ಧ್ವನಿ ಹರಿಯುವುದು ಮತ್ತೊಂದು. ಮೊದಲನೆಯದು ಎಷ್ಟು ಬೇಕಾದರೂ ಇರಲಿ, ಎರಡನೆಯದು ಕೆಲವು ಇರಲಿ, ಮೂರನೆಯದು ಒಂದು ಹೊತ್ತಿಗೆ ಒಂದೇ.

ಹಾಡಿನ ವಿಷಯ ಬೇರೆ. ಹಾಡು ಫೋನಿನಿಂದ ಹೊರಗೆ ಹೋಗುತ್ತದೆ, ತಿರುಗಿ ಏನೂ ಬರಬೇಕಾಗಿಲ್ಲ. ಹಾಗಾಗಿಯೇ ಸ್ಯಾಮ್‌ಸಂಗ್‌ನ ಡ್ಯುಯಲ್ ಆಡಿಯೋದಲ್ಲಿ, ಆಪಲ್‌ನ ಆಡಿಯೋ ಶೇರಿಂಗ್‌ನಲ್ಲಿ ಇಬ್ಬರು ಒಂದೇ ಹಾಡು ಕೇಳಬಹುದು. ಈಚಿನ ಆರಾಕಾಸ್ಟ್ ಎಂಬ ಬ್ಲೂಟೂತ್ ಸೌಲಭ್ಯ ಕೂಡ ಒಮ್ಮುಖ ಪ್ರಸಾರವೇ. ಕರೆ ಎರಡು ಕಡೆಯ ಮಾತು, ತಡವಾದರೆ ಮಾತೇ ಆಗುವುದಿಲ್ಲ. ಅದಕ್ಕೆ ಹ್ಯಾಂಡ್ಸ್‌ಫ್ರೀ ಪ್ರೊಫೈಲ್ ಎಂಬ ಪ್ರತ್ಯೇಕ ಕ್ರಮವಿದೆ, ಪ್ರತ್ಯೇಕ ಕೊಂಡಿಯಿದೆ. ಹಾಡು ಕೇಳುವಾಗ ಚೆನ್ನಾಗಿದ್ದ ಹೆಡ್‌ಸೆಟ್ ಕರೆ ಬಂದ ಕೂಡಲೇ ಕೊಡದೊಳಗೆ ಬಾಯಿಟ್ಟು ಮಾತನಾಡಿದಂತೆ ಕೇಳಿಸುವುದು ಇದರಿಂದಲೇ. ಹಳೆಯ ಕ್ರಮದಲ್ಲಿ ಕರೆಯ ಧ್ವನಿಯನ್ನು ಸೆಕೆಂಡಿಗೆ 8,000 ಸಲ ಅಳೆದು ಕಳಿಸುತ್ತಾರೆ, ಆ ಪ್ರೊಫೈಲಿನ 2011ರ 1.6ನೆಯ ಆವೃತ್ತಿಯಿಂದ 16,000 ಸಲ. ಫೋನು ಮತ್ತು ಹೆಡ್‌ಸೆಟ್ ಎರಡೂ ಹೊಸ ಕ್ರಮ ಬಲ್ಲವಾದರೆ ಮಾತ್ರ ಆ ಸುಧಾರಣೆ ಸಿಗುತ್ತದೆ.

ಒಂದು ವಿಷಯದಲ್ಲಿ ನೀವು ಹಣ ಕಳೆದುಕೊಳ್ಳುವ ಮೊದಲೇ ಹೇಳಿಬಿಡುತ್ತೇನೆ. ಡಬ್ಬಿಯ ಮೇಲೆ ‘ಮಲ್ಟಿಪಾಯಿಂಟ್’ ಎಂದು ಬರೆದಿರುವ ಹೆಡ್‌ಸೆಟ್ಟನ್ನು ತೋರಿಸಿ ನಿಮ್ಮ ಸಮಸ್ಯೆಗೆ ಇದೇ ಮದ್ದು ಎಂದು ಯಾರಾದರೂ ಹೇಳಬಹುದು. ಅದು ಒಂದು ಹೆಡ್‌ಸೆಟ್ಟನ್ನು ಎರಡು ಫೋನಿಗೆ ಜೋಡಿಸುವ ಸೌಲಭ್ಯ. ನಿಮಗೆ ಬೇಕಾಗಿರುವುದು ಅದರ ತದ್ವಿರುದ್ಧ.

ನಾನು ಈಗ ಮಾಡಿಕೊಂಡಿರುವುದು ಹೀಗೆ. ಆಂಡ್ರಾಯ್ಡ್‌ನಲ್ಲಿ ಬ್ಲೂಟೂತ್ ಪಟ್ಟಿ ತೆರೆದು ಪ್ರತಿ ಸಾಧನದ ಹೆಸರಿನ ಪಕ್ಕದ ಚಕ್ರದ ಗುರುತನ್ನು ಒತ್ತಿದರೆ ಒಳಗೆ ಫೋನ್ ಕರೆಗಳು, ಮೀಡಿಯಾ ಆಡಿಯೋ, ಸಂಪರ್ಕಗಳ (ಫೋನಿನಲ್ಲಿ ಉಳಿಸಿಟ್ಟ ಹೆಸರು, ಸಂಖ್ಯೆಗಳ) ಹಂಚಿಕೆ ಎಂಬ ಬೇರೆ ಬೇರೆ ಸ್ವಿಚ್‌ಗಳಿರುತ್ತವೆ. ಫೋನಿನ ಕಂಪನಿಗೆ ತಕ್ಕಂತೆ ಹೆಸರು ಅಷ್ಟಿಷ್ಟು ಬದಲಾಗಬಹುದು. ನೆಕ್‌ಬ್ಯಾಂಡಿಗೆ ಕರೆಗಳನ್ನು ಬಿಟ್ಟಿದ್ದೇನೆ. ಕಾರಿಗೂ ಹೆಲ್ಮೆಟ್ಟಿಗೂ ‘ಫೋನ್ ಕರೆಗಳು’ ಆಫ್ ಮಾಡಿ, ಮೀಡಿಯಾ ಮಾತ್ರ ಇಟ್ಟಿದ್ದೇನೆ. ಕಾರಿನಲ್ಲಿ ಹಾಡು ಬರುತ್ತದೆ, ಹೆಲ್ಮೆಟ್ಟಿನಲ್ಲಿ ದಾರಿ ಹೇಳುವ ನಕ್ಷೆಯ ಧ್ವನಿ ಬರುತ್ತದೆ, ಏಕೆಂದರೆ ಅದೂ ಮೀಡಿಯಾದ ದಾರಿಯಲ್ಲೇ ಹೋಗುವಂಥದ್ದು. ಕರೆ ಯಾರ ಕೀಲಿ ತಿರುಗಿದರೂ ನನ್ನ ಕುತ್ತಿಗೆ ಬಿಟ್ಟು ಕದಲುವುದಿಲ್ಲ. ಐಫೋನಿನಲ್ಲಿ ಸಾಧನಕ್ಕೊಂದರಂತೆ ಇಂಥ ಸ್ವಿಚ್ ಇಲ್ಲ. ಅಲ್ಲಿ ಬ್ಲೂಟೂತ್ ಪಟ್ಟಿಯಲ್ಲಿ ಬೇಡದ ಸಾಧನದ ಸಂಪರ್ಕ ಕಡಿಯಬಹುದು, ಇಲ್ಲವೇ ಕರೆಯ ಪರದೆಯಲ್ಲಿ ಆಡಿಯೋ ಗುಂಡಿ ಒತ್ತಿ ಪ್ರತಿ ಸಲ ಬೇಕಾದ ಸಾಧನವನ್ನು ಆಯ್ದುಕೊಳ್ಳಬಹುದು. ಕೆಲವು ಕಾರುಗಳ ಸ್ಟೀರಿಯೋದಲ್ಲೇ ಕರೆಯನ್ನೂ ಹಾಡನ್ನೂ ಬೇರೆ ಬೇರೆಯಾಗಿ ಆರಿಸಿಕೊಳ್ಳಲು ಬರುತ್ತದೆ, ಅದನ್ನು ನೋಡಿ.

ಕಾರು ಓಡಿಸುವಾಗ ನೆಕ್‌ಬ್ಯಾಂಡ್ ಹಾಕಿಕೊಳ್ಳುವುದು ಸರಿಯೇ ಎಂದು ಕೇಳಬಹುದು. ನಾನು ಹಾಕಿಕೊಳ್ಳುವುದಿಲ್ಲ. ಓಡಿಸುವಾಗ ಕರೆ ತೆಗೆದುಕೊಳ್ಳುವುದನ್ನೇ ಬಿಟ್ಟಿದ್ದೇನೆ, ಬದಿಗೆ ನಿಲ್ಲಿಸಿ ತಿರುಗಿ ಮಾಡುತ್ತೇನೆ. ದಿನವಿಡೀ ಕಾರಿನಲ್ಲೇ ಇರುವ ಕೆಲಸ ನಿಮ್ಮದಾಗಿದ್ದರೆ ಕಾರಿಗೆ ಕರೆ ಕೊಟ್ಟು ಇಯರ್‌ಬಡ್‌ನಿಂದ ಕಿತ್ತುಕೊಳ್ಳಿ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಆಗ ಕಾರಿನಲ್ಲಿ ಕೂತ ಪ್ರತಿಯೊಬ್ಬರೂ ನಿಮ್ಮ ಕರೆಯ ಪಾಲುದಾರರು ಎಂಬುದು ನೆನಪಿರಲಿ. ನಾನು ಈಗಲೂ ಯಾರದ್ದಾದರೂ ಕಾರಿನಲ್ಲಿ ಕರೆ ಬಂದರೆ, ಆಚೆಯವರು ಬಾಯಿ ತೆರೆಯುವ ಮೊದಲೇ “ನಾನು ಪಕ್ಕದಲ್ಲಿದ್ದೇನೆ, ಸ್ಪೀಕರಿನಲ್ಲಿದೆ” ಎಂದು ಕೂಗಿ ಹೇಳುತ್ತೇನೆ.

ಹೆಲ್ಮೆಟ್ಟಿನಲ್ಲಿ ಕರೆ ಬೇಡವೇ ಬೇಡ. ಕೈಯಲ್ಲಿ ಫೋನ್ ಹಿಡಿದು ಓಡಿಸುವುದನ್ನು ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ಅಪಾಯಕಾರಿ ಚಾಲನೆಯೊಳಗೆ ಸೇರಿಸಿದೆ. ಹೆಲ್ಮೆಟ್ಟಿನೊಳಗೆ ಕೈ ಖಾಲಿ ಇರುತ್ತದೆ, ಮನಸ್ಸು ಖಾಲಿ ಇರುವುದಿಲ್ಲ. ನಮ್ಮ ಘಟ್ಟದ ತಿರುವುಗಳಲ್ಲಿ ಎದುರಿನ ಬಸ್ಸಿನ ಹಾರ್ನ್ ಒಂದು ಗಳಿಗೆ ತಡವಾಗಿ ಕೇಳಿಸಿದರೂ ಸಾಕು. ದಾರಿ ಹೇಳುವ ಧ್ವನಿಗಷ್ಟೇ ಅದನ್ನು ಮೀಸಲಿಡಿ.

ಸಂಪರ್ಕಗಳ ಹಂಚಿಕೆಯನ್ನೂ ಆಫ್ ಮಾಡಿ ಎಂದು ನನ್ನ ಒತ್ತಾಯ. ಅದು ಚಾಲೂ ಇದ್ದರೆ ನಿಮ್ಮ ಫೋನಿನಲ್ಲಿ ಉಳಿಸಿಟ್ಟ ಹೆಸರು, ಸಂಖ್ಯೆಗಳು ಕಾರಿನ ಸ್ಟೀರಿಯೋಗೆ ಹೋಗುತ್ತವೆ, ಯಾರಿಗೆ ಕರೆ ಮಾಡಿದಿರಿ ಎಂಬ ಪಟ್ಟಿಯೂ ಹೋಗಬಹುದು. ಬಾಡಿಗೆ ಕಾರಿಗೆ ಫೋನ್ ಜೋಡಿಸಿದ್ದರೆ ಇಳಿಯುವ ಮೊದಲು, ಸ್ವಂತ ಕಾರು ಮಾರುವುದಾದರೆ ಕೀಲಿ ಕೊಡುವ ಮೊದಲು ಸ್ಟೀರಿಯೋದಿಂದ ನಿಮ್ಮ ಫೋನಿನ ಹೆಸರನ್ನು ಅಳಿಸಿಬಿಡಿ.

ಎಲ್ಲ ಹೊಂದಿಸಿದ ಮೇಲೆ ನಂಬಿ ಕೂರಬೇಡಿ, ಪರೀಕ್ಷೆ ಮಾಡಿ. ಇಯರ್‌ಬಡ್ ಹಾಕಿಕೊಂಡು ಮನೆಯವರಿಗೆ ಕರೆ ಮಾಡಿ, ಅವರು ಮಾತನಾಡುತ್ತಲೇ ಇರಲಿ. ಇನ್ನೊಬ್ಬರು ಕಾರಿನ ಕೀಲಿ ತಿರುಗಿಸಲಿ, ಸ್ಟೀರಿಯೋ ಪೂರ್ತಿ ಎದ್ದೇಳುವವರೆಗೆ ಕಾಯಿರಿ. ಧ್ವನಿ ನಿಮ್ಮ ಕಿವಿಯಲ್ಲೇ ಉಳಿದರೆ ಕೆಲಸ ಆಯಿತು. ಅನಂತರ ಹೆಲ್ಮೆಟ್ಟಿನ ಗುಂಡಿ ಒತ್ತಿ ಅದನ್ನೂ ನೋಡಿ. ಫೋನಿನ ತಂತ್ರಾಂಶ ಬದಲಾದಾಗ, ಸಾಧನವನ್ನು ಅಳಿಸಿ ಮತ್ತೆ ಜೋಡಿಸಿದಾಗ ಸ್ವಿಚ್‌ಗಳು ಮೊದಲಿನಂತೆ ಆಗಿರಬಹುದು, ಆಗ ಇನ್ನೊಮ್ಮೆ ಪರೀಕ್ಷಿಸಿ. ನಿಮ್ಮ ಫೋನಿನ ಮಾದರಿ ಯಾವುದು, ಕಾರಿನದು ಕಂಪನಿಯಿಂದಲೇ ಬಂದ ಸ್ಟೀರಿಯೋನಾ ಹೊರಗೆ ಹಾಕಿಸಿದ್ದಾ ಎಂದು ಕೆಳಗೆ ಬರೆಯಿರಿ. ಆ ಸ್ವಿಚ್ ಎಲ್ಲಿರುತ್ತದೆ ಎಂದು ನೋಡಿ ಹೇಳುತ್ತೇನೆ.