ಯಮಹಾ ಆರ್‌ಎಕ್ಸ್ 100 ಬೈಕಿನ ಇಂಜಿನ್ ಸವೆದಿದೆ: ಬರೀ ರಿಂಗ್ ಹಾಕ್ಸಿದ್ರೆ ಸಾಕಾ, ಬೋರ್ ಹೊಡೆಸ್ಬೇಕಾ, ಫುಲ್ ಇಂಜಿನ್ ಬಿಚ್ಚಿಸ್ಬೇಕಾ, ಇಲ್ಲಾ 135 ಕಿಟ್ ಹಾಕ್ಸ್ಲಾ?

ನಿಮ್ ಪ್ರಶ್ನೆ ಓದಿ ನಗು ಬಂತು, ಬೇಜಾರ್ ಮಾಡ್ಕೋಬೇಡಿ. ಹೊಗೆ, ಮೂರನೇ ಗೇರಲ್ಲಿ ದಿಬ್ಬ ಎಳೀತಿಲ್ಲ, ಒಳಗಿಂದ ಟಕಟಕ ಸೌಂಡು, ಇದೇ ಮೂರು ಕಂಪ್ಲೇಂಟ್ ಹೇಳ್ಕೊಂಡು ಆರೇಳು ವರ್ಷದ ಹಿಂದೆ ನಾನೂ ಗ್ಯಾರೇಜ್ ಮುಂದೆ ನಿಂತಿದ್ದೆ. ನಂದು 94ರ ಗಾಡಿ, ಅಂದ್ರೆ ನಂದಲ್ಲ, ಭಾವಂದು. ಅವ್ರು ಮಗು ಆದ್ಮೇಲೆ ಸ್ಕೂಟರ್ ತಗೊಂಡ್ರು, ಇದನ್ನ ನಂಗೆ ಕೊಟ್ರು, ಕೊಡುವಾಗ "ಮಾರ್ಬೇಡ, ಹಾಳೂ ಮಾಡ್ಬೇಡ" ಅಂತ ಎರಡೇ ಮಾತು ಹೇಳಿದ್ರು. ಮಾರ್ಲಿಲ್ಲ.

ಆ ಮೇಸ್ತ್ರಿ ಒಳ್ಳೆ ಮನುಷ್ಯ, ಟೂ ಸ್ಟ್ರೋಕಲ್ಲೇ ಕೂದಲು ಬೆಳ್ಳಗೆ ಮಾಡ್ಕೊಂಡೋರು. ಹೆಡ್ಡು ಬ್ಲಾಕು ಬಿಚ್ಚಿ, ಬ್ಲಾಕ್ ಒಳಗೆ, ಅಂದ್ರೆ ಪಿಸ್ಟನ್ ಓಡಾಡೋ ಸಿಲಿಂಡರ್ ಒಳಗೆ, ಬೆರಳಾಡ್ಸಿ "ಬೋರ್ ಹೊಡೆಸ್ಬೇಕು, 0.25 ಪಿಸ್ಟನ್ ಹಾಕೋಣ, ಹೆಂಗೂ ಬಿಚ್ಚಿದೀವಿ, ಕೆಳಗಡೆ ಕ್ರ್ಯಾಂಕ್ ಸೀಲು ಬೇರಿಂಗೂ ನೋಡ್ಬಿಡೋಣ ಕಣಪ್ಪ" ಅಂದ್ರು. ಬೋರ್ ಹೊಡೆಸೋದು ಅಂದ್ರೆ ಸವೆದ ಸಿಲಿಂಡರನ್ನ ಲೇತಲ್ಲಿ ಒಂಚೂರು ದೊಡ್ಡದಾಗಿ ಕೊರೆಸೋದು, 0.25 ಅಂದ್ರೆ ಅಷ್ಟು ಮಿ.ಮೀ. ದೊಡ್ಡ ಪಿಸ್ಟನ್ನು, ಕ್ರ್ಯಾಂಕ್ ಅಂದ್ರೆ ಕೆಳಗಡೆ ಪಿಸ್ಟನ್ ತಿರುಗಿಸೋ ದಂಡ. ನಾನೇನಂದೆ ಗೊತ್ತಾ? "ಕೆಳಗಡೆ ಮುಟ್ಬೇಡಿ ಮೇಸ್ತ್ರಿ, ಅದು ಸೀಲ್ಡ್ ಇಂಜಿನ್, ಕಂಪನಿಯವ್ರು ಕೂರ್ಸಿದ್ದು ಹಂಗೇ ಇರ್ಲಿ." ಜಂಬವಾಗಿ ಹೇಳಿದ್ದೆ. ಯಾವುದೋ ವೀಡಿಯೋದಲ್ಲಿ ಯಾರೋ ಹಂಗಂದಿದ್ರು, ಜೊತೆಗೆ ದುಡ್ಡೂ ಉಳಿಯುತ್ತಲ್ಲ. ಇಪ್ಪತ್ತು ವರ್ಷ ದಾಟಿದ ರಬ್ಬರ್ ಸೀಲು "ಹಂಗೇ ಇರ್ಲಿ" ಅಂತ ಬಿಡೋ ವಸ್ತು ಅಲ್ಲ ಅನ್ನೋದು ತಲೆಗೆ ಬರ್ಲೇ ಇಲ್ಲ.

ಬೋರ್ ಆಯ್ತು, ಪಿಸ್ಟನ್ ಕಿಟ್ ಹಾಕಿದ್ರು, ಗಾಡಿ ಒಂದೇ ಕಿಕ್ಕಿಗೆ ಸ್ಟಾರ್ಟ್. ಆ ಸೌಂಡು ಕೇಳಿದ್ರೆ ಸಾಕು ಅನ್ನೋ ಹಂಗಿತ್ತು. ಒಂದೇ ಒಂದು ವಿಷ್ಯ, ಎಕ್ಸ್‌ಲೇಟರ್ ಬಿಟ್ರೂ ರೇಸ್ ತಕ್ಷಣ ಇಳೀತಿರ್ಲಿಲ್ಲ, ಸಿಗ್ನಲಲ್ಲಿ ನಿಲ್ಸಿದ್ರೆ ಒಂದೆರಡು ಸೆಕೆಂಡ್ ಮೇಲೇ ನಿಂತು ಆಮೇಲೆ ನಿಧಾನಕ್ಕೆ ಇಳಿಯೋದು. ನಾನು ಅಂದ್ಕೊಂಡೆ ಹೊಸ ಪಿಸ್ಟನ್ನಲ್ವಾ, ಹುರುಪು ಜಾಸ್ತಿ. ಕಾರ್ಬೊರೇಟರ್ ಐಡ್ಲಿಂಗ್ ಸ್ಕ್ರೂನ ಅರ್ಧ ಸುತ್ತು ಇಳಿಸ್ದೆ, ಸರಿ ಹೋಯ್ತು. ಎರಡು ದಿನಕ್ಕೆ ಮತ್ತೆ ಅದೇ, ಮತ್ತೆ ಇಳಿಸ್ದೆ. ಪ್ಲಗ್ ಬಿಚ್ಚಿ ನೋಡಿದ್ರೆ ತುದಿ ಬೆಳ್ಳಗೆ, ಸುಣ್ಣ ಬಳಿದಂಗೆ, ಕಾಫಿಪುಡಿ ಬಣ್ಣ ಇರ್ಬೇಕಾದ್ದು. ಅದನ್ನೂ ನೋಡಿ "ಆಹಾ ಎಷ್ಟು ಕ್ಲೀನಾಗಿ ಉರೀತಿದೆ" ಅಂತ ಖುಷಿಪಟ್ಟು ವಾಪಸ್ ಹಾಕ್ದೆ. ಇಂಜಿನ್ ಎರಡು ಸಲ ಬಾಯಿಬಿಟ್ಟು ಹೇಳಿತ್ತು, ಎರಡು ಸಲಾನೂ ನಾನೇ ಅದರ ಬಾಯಿ ಮುಚ್ಚಿಸ್ದೆ.

ಇದನ್ನ ಸ್ವಲ್ಪ ಬಿಡಿಸಿ ಹೇಳ್ಬೇಕು, ಯಾಕಂದ್ರೆ ಇದೊಂದು ಅರ್ಥ ಆಗಿದ್ರೆ ನಂಗೆ ಇಂಜಿನ್ ಎರಡು ಸಲ ಮಾಡ್ಸೋದು ತಪ್ಪೋದು. ಫೋರ್ ಸ್ಟ್ರೋಕಲ್ಲಿ ಕ್ರ್ಯಾಂಕ್ ಕೇಸ್ ಅಂದ್ರೆ ಆಯಿಲ್ ನಿಲ್ಲೋ ಡಬ್ಬ ಅಷ್ಟೇ. ಟೂ ಸ್ಟ್ರೋಕಲ್ಲಿ ಹಂಗಲ್ಲ, ಅದೇ ಪಂಪು. ಪಿಸ್ಟನ್ ಮೇಲಕ್ಕೆ ಹೋದಾಗ ಕೆಳಗಡೆ ಖಾಲಿಯಾಗಿ ಕಾರ್ಬೊರೇಟರಿಂದ ಪೆಟ್ರೋಲು ಗಾಳಿ ಎಳ್ಕೊಳ್ಳುತ್ತೆ, ಕೆಳಕ್ಕೆ ಬಂದಾಗ ಅದನ್ನೇ ಒತ್ತಿ ಪೋರ್ಟ್ (ಬ್ಲಾಕ್ ಗೋಡೇಲಿರೋ ತೂತು) ಮೂಲಕ ಮೇಲಕ್ಕೆ ತಳ್ಳುತ್ತೆ. ಈ ಪಂಪಿನ ಎರಡೂ ಕಡೆ ಕ್ರ್ಯಾಂಕ್ ಹೊರಗೆ ಬರೋ ಜಾಗದಲ್ಲಿ ಒಂದೊಂದು ರಬ್ಬರ್ ಆಯಿಲ್ ಸೀಲು. ಎಡಗಡೆ ಮ್ಯಾಗ್ನೆಟ್ (ಕರೆಂಟ್ ಹುಟ್ಟಿಸೋ ಚಕ್ರ) ಹಿಂದೆ ಒಂದು, ಬಲಗಡೆ ಕ್ಲಚ್ ಕಡೆ ಒಂದು. ಕ್ಲಚ್ ಕಡೇದು ಹೋದ್ರೆ ಗೇರ್ ಆಯಿಲನ್ನ ಇಂಜಿನ್ ಕುಡಿಯುತ್ತೆ, ಬಿಳಿ ಹೊಗೆ ಬರುತ್ತೆ, ಆಯಿಲ್ ಲೆವೆಲ್ ಇಳೀತಾ ಹೋಗುತ್ತೆ, ಕಣ್ಣಿಗಾದ್ರೂ ಕಾಣುತ್ತೆ. ಮ್ಯಾಗ್ನೆಟ್ ಕಡೇದು ಕಳ್ಳ. ಏನೂ ಸೋರಲ್ಲ, ಹೊಗೆ ಇಲ್ಲ, ಬರೀ ಗಾಳಿ ಎಳ್ಕೊಳ್ಳುತ್ತೆ, ಕಾರ್ಬೊರೇಟರ್ ಅಳತೆ ಮಾಡಿ ಕೊಟ್ಟಿದ್ದರ ಮೇಲೆ ಲೆಕ್ಕಕ್ಕೆ ಸಿಗದ ಗಾಳಿ. ಗಾಳಿ ಜಾಸ್ತಿ ಪೆಟ್ರೋಲ್ ಕಮ್ಮಿ ಆದ್ರೆ ಶಾಖ ಏರುತ್ತೆ. ನನ್ ಗಾಡೀಲಿ ಆಯಿಲ್ ಪಂಪನ್ನ ಮುಂಚೇನೇ ಯಾರೋ ಬಂದ್ ಮಾಡಿದ್ರು, ನಾನು ಟೂಟಿ ಆಯಿಲನ್ನ (ಟೂ ಸ್ಟ್ರೋಕ್ ಇಂಜಿನ್ ಆಯಿಲ್) ಟ್ಯಾಂಕಿಗೇ ಬೆರೆಸ್ತಿದ್ದೆ, ಹಂಗಾಗಿ ಪ್ರತಿ ಸುತ್ತಿಗೂ ಒಳಗೆ ಹೋಗೋ ಪೆಟ್ರೋಲ್ ಕಮ್ಮಿ ಆದಷ್ಟೂ ಆಯಿಲೂ ಕಮ್ಮಿ. ಅಲ್ಯೂಮಿನಿಯಂ ಪಿಸ್ಟನ್ನು ಬ್ಲಾಕ್ ಒಳಗಿನ ಬೀಡು ಸ್ಲೀವ್‌ಗಿಂತ ಜಾಸ್ತಿ ಹಿಗ್ಗುತ್ತೆ, ಹೊಸ ಬೋರಲ್ಲಿ ಇರೋ ಗ್ಯಾಪೇ ಕೂದಲೆಳೆಯಷ್ಟು. ಅಂದ್ರೆ ಬೋರ್ ಟೈಟ್ ಮಾಡ್ಸಿ ನಾನು ಪರಿಸ್ಥಿತಿನ ಇನ್ನೂ ಹದಗೆಡಿಸಿದ್ದೆ, ಹಳೇ ಸವೆದ ಬೋರಲ್ಲಾದ್ರೆ ಹಿಗ್ಗೋಕೆ ಜಾಗ ಇತ್ತು! ಹಳೇ ಇಂಜಿನ್ ಅದೇ ಸೀಲಲ್ಲಿ ಹೆಂಗೋ ಓಡ್ತಿದ್ದಿದ್ದು ಹಂಗೆ.

ನಾನೂರು ಕಿಲೋಮೀಟರ್ ಆಗಿತ್ತು. ಹೈವೇಲಿ ಒಂದೇ ಸಮ ಎಕ್ಸ್‌ಲೇಟರ್ ಹಿಡ್ಕೊಂಡು ಹೋಗ್ತಾ ಇದ್ದೆ, ಹಿಂದೆ ಯಾರು ಕೂತಿದ್ರು ಅಂತೀರಾ, ಭಾವನೇ. "ಪರ್ವಾಗಿಲ್ವೇ, ನಾನು ಇಟ್ಟಿದ್ದಕ್ಕಿಂತ ಚೆನ್ನಾಗಿ ಇಟ್ಟಿದೀಯ" ಅಂತ ಕಿವಿ ಹತ್ರ ಕೂಗಿದ್ರು, ಅದಾಗಿ ಒಂದು ನಿಮಿಷಕ್ಕೆ ಗಾಡಿ ಯಾರೋ ಹಿಂದಿಂದ ಹಗ್ಗ ಕಟ್ಟಿ ಎಳೆದಂಗೆ ಆಯ್ತು, ಹಿಂದಿನ ಚಕ್ರ ಕಿರ್ರ್ ಅಂತ ಜಾಮ್, ಕ್ಲಚ್ ಹಿಡಿದಿದ್ದಕ್ಕೆ ಬಚಾವ್. ಪಕ್ಕಕ್ಕೆ ತಳ್ಕೊಂಡು ಬಂದು ಕಿಕ್ಕರ್ ಒತ್ತಿದ್ರೆ ಕಲ್ಲು. ಭಾವ ಏನೂ ಅನ್ಲಿಲ್ಲ, ಹೆಲ್ಮೆಟ್ ತೆಗ್ದು ಮೈಲಿಗಲ್ಲಿನ ಮೇಲೆ ಕೂತ್ಕೊಂಡ್ರು. ಏನಾದ್ರೂ ಬೈದಿದ್ರೆ ಚೆನ್ನಾಗಿತ್ತು.

ಬ್ಲಾಕ್ ಎತ್ತಿದ್ರೆ ಪಿಸ್ಟನ್ನಿನ ಸೈಲೆನ್ಸರ್ ಕಡೆ ಮುಖದಲ್ಲಿ ಉದ್ದುದ್ದ ಗೀರು, ಅಲ್ಯೂಮಿನಿಯಂ ಕರಗಿ ಬೋರಿಗೆ ಮೆತ್ಕೊಂಡಿತ್ತು. 0.50 ಸಾಕಾಗ್ಲಿಲ್ಲ, ಸೀದಾ 0.75ಕ್ಕೆ ಹೋದ್ವಿ. ಈ ಬ್ಲಾಕಿಗೆ ಸ್ಟ್ಯಾಂಡರ್ಡ್ 50 ಮಿ.ಮೀ. ಬಿಟ್ರೆ ಇರೋದೇ ನಾಲ್ಕು ಜನ್ಮ, 0.25, 0.50, 0.75, 1.00, ಆಮೇಲೆ ಸ್ಲೀವ್ ಬದಲಾಯಿಸ್ಬೇಕು. ನಾನು ನಾನೂರು ಕಿಲೋಮೀಟರಲ್ಲಿ ಎರಡು ಜನ್ಮ ತಿಂದೆ. ಈ ಸಲ ಮೇಸ್ತ್ರಿ ನನ್ನನ್ನ ಕೇಳೋಕೇ ಹೋಗ್ಲಿಲ್ಲ, ಮ್ಯಾಗ್ನೆಟ್ ಬಿಚ್ಚಿ ಸೀಲ್ ತೋರ್ಸಿದ್ರು, ಪ್ಲಾಸ್ಟಿಕ್ ತರ ಗಟ್ಟಿ, ಬೆರಳಲ್ಲಿ ಒತ್ತಿದ್ರೆ ಅಂಚು ಪುಡಿಪುಡಿ.

ಈಗ ನಿಮ್ ವಿಷ್ಯ. ನೀವು ನಾಲ್ಕು ಆಪ್ಷನ್ ಇಟ್ಟು ಯಾವುದು ಅಂತ ಕೇಳ್ತಿದೀರಿ, ನನ್ ಪ್ರಕಾರ ಪ್ರಶ್ನೆನೇ ತಪ್ಪು. ಮೊದ್ಲು ಯಾಕೆ ಸವೀತು ಅನ್ನೋದನ್ನ ಹುಡುಕಿ. ಸೌಂಡ್ ಚೆನ್ನಾಗಿ ಬರ್ಲಿ ಅಂತ ಏರ್ ಫಿಲ್ಟರ್ ಬಾಕ್ಸ್ ತೆಗ್ದಿದೀನಿ ಅಂತ ಒಂದು ಸಾಲು ಬರೆದು ಮುಂದಕ್ಕೆ ಹೋಗ್ಬಿಟ್ಟಿದೀರಲ್ಲ, ಅಲ್ಲೇ ಇದೆ ಅರ್ಧ ಉತ್ತರ. ರಸ್ತೆ ಧೂಳೆಲ್ಲ ಸೀದಾ ಒಳಗೆ ಹೋಗ್ತಿದೆ, ಉಪ್ಪುಕಾಗದದಲ್ಲಿ ಬೋರ್ ಉಜ್ಜಿದಂಗೆ. ಅದು ವಾಪಸ್ ಕೂರೋವರೆಗೂ ಎಷ್ಟು ಸಲ ಬೋರ್ ಹೊಡೆಸಿದ್ರೂ ವೇಸ್ಟು.

ಬರೀ ರಿಂಗ್ ಅನ್ನೋ ಐಡಿಯಾ ಬಿಟ್ಬಿಡಿ. ಸವೆದ ಬೋರ್ ದುಂಡಗೆ ಉಳಿದಿರಲ್ಲ, ಅದರೊಳಗೆ ಹೊಸ ರಿಂಗ್ ಕೂತ್ರೆ ಒಂದು ಕಡೆ ಮುಟ್ಟುತ್ತೆ ಇನ್ನೊಂದು ಕಡೆ ಬೆಳಕು ಕಾಣುತ್ತೆ. 135 ಕಿಟ್, ಅಂದ್ರೆ ಆರ್‌ಎಕ್ಸ್ 135ರ ದೊಡ್ಡ ಬ್ಲಾಕು ಪಿಸ್ಟನ್ನು, ಅದರ ಬಗ್ಗೆ ನನ್ನನ್ನ ಕೇಳ್ಲೇಬೇಡಿ, ಕೋಪ ಬರುತ್ತೆ, 98 ಸಿಸಿಗೆ ದುಡಿದು ಸುಸ್ತಾದ ಹಳೇ ಕ್ರ್ಯಾಂಕ್ ಮೇಲೆ 132 ಸಿಸಿ ಹೇರೋದು ರಿಪೇರಿ ಹೆಂಗಾಗುತ್ತೆ?

ಉಳಿದಿದ್ದು ಮೇಲ್ಗಡೆ ಮಾತ್ರಾನಾ ಕೆಳಗಡೇನೂ ಸೇರ್ಸಿನಾ ಅನ್ನೋದು. ಟಕಟಕ ತಣ್ಣಗಿದ್ದಾಗ ಜಾಸ್ತಿ, ಬಿಸಿ ಆದ್ಮೇಲೆ ಕಮ್ಮಿ ಅಂದ್ರೆ ಪಿಸ್ಟನ್ ಅಲ್ಲಾಡ್ತಿದೆ. ಬಿಸಿ ಆದ್ಮೇಲೂ ಕಾಲಿಗೆ ಗುಡುಗುಡು ಅನ್ನಿಸ್ತಿದ್ರೆ ಕೆಳಗಡೇದು. ಬ್ಲಾಕ್ ಎತ್ತಿದಾಗ ಕನೆಕ್ಟಿಂಗ್ ರಾಡ್ ಮೇಲಕ್ಕೆ ತಂದು ಕೈಯಲ್ಲಿ ಹಿಡ್ದು ನೇರ ಮೇಲೆ ಕೆಳಗೆ ಎಳೆದು ನೋಡಿ, ಪಕ್ಕಕ್ಕೆ ಸ್ವಲ್ಪ ಆಡ್ಬೇಕು, ಮೇಲೆ ಕೆಳಗೆ ಒಂಚೂರೂ ಆಡ್ಬಾರ್ದು. ಆಡಿದ್ರೆ ಕ್ರ್ಯಾಂಕ್ ಬಿಚ್ಚಿ ಪ್ರೆಸ್ಸಲ್ಲಿ ಹೊಸ ಪಿನ್ನು ರಾಡು ಬೇರಿಂಗ್ ಕೂರಿಸಿ ಡಯಲ್ ಗೇಜ್ ಇಟ್ಟು ಬೆಂಡ್ ತೆಗೀಬೇಕು, ಸುತ್ತಿಗೇಲಿ ಕುಟ್ಟಿ "ಸರಿ ಆಯ್ತು" ಅನ್ನೋರ ಹತ್ರ ಹೋಗ್ಬೇಡಿ. ಆಡ್ಲಿಲ್ಲ ಅಂದ್ರೂ ಸೀಲ್ ಎರಡೂ ಹಾಕ್ಸಿ, ಇದರಲ್ಲಿ ಚೌಕಾಸಿ ಬೇಡ. ಎಲ್ಲಾ ಜೋಡ್ಸಿದ್ಮೇಲೆ ಕಾರ್ಬೊರೇಟರ್ ಬಾಯಿ ಸೈಲೆನ್ಸರ್ ಬಾಯಿ ಮುಚ್ಚಿ ಕೈಪಂಪಲ್ಲಿ 6 ಪಿಎಸ್‌ಐ ಗಾಳಿ ತುಂಬಿ ಕೆಲವು ನಿಮಿಷ ನಿಲ್ಲುತ್ತಾ ನೋಡಿ ಅಂತ ಹೇಳಿ. ಇಳಿದ್ರೆ ಸೋಪು ನೀರು ಹಚ್ಚಿದ್ರೆ ಗುಳ್ಳೆ ಬರೋ ಜಾಗ ತಾನೇ ಹೇಳುತ್ತೆ. ಅದಕ್ಕಿಂತ ಜಾಸ್ತಿ ಒತ್ತಡ ಬೇಡ, ಒಳ್ಳೆ ಸೀಲೇ ಎದ್ದುಬರುತ್ತೆ.

ಲೇತಿಗೆ ಕಳ್ಸುವಾಗ ಬ್ಲಾಕ್ ಜೊತೆ ಪಿಸ್ಟನ್ನೂ ಕಳ್ಸಿ, ಡಬ್ಬದ ಮೇಲಿನ ನಂಬರ್ ನೋಡಿ ಕೊರೆಯೋದಲ್ಲ, ಪಿಸ್ಟನ್ ಅಳೆದು ಕೊರೀಬೇಕು. ಬೋರ್ ಆದ್ಮೇಲೆ ಪೋರ್ಟ್ ಅಂಚು ಚೂಪಾಗಿರುತ್ತೆ, ಅದನ್ನ ಸವರ್ಲಿಲ್ಲ ಅಂದ್ರೆ ರಿಂಗ್ ಸಿಕ್ಕಿ ಮುರಿಯುತ್ತೆ, ನೆನಪು ಮಾಡಿ. ನಿಮ್ಮಲ್ಲಿ ಆಯಿಲ್ ಪಂಪ್ ಇನ್ನೂ ಇದ್ರೆ ಪೈಪಲ್ಲಿರೋ ಗಾಳಿ ತೆಗೆಸ್ಬೇಕು, ಮೊದಲ ಟ್ಯಾಂಕಿಗೆ ಸ್ವಲ್ಪ ಆಯಿಲ್ ಬೆರೆಸ್ಕೊಳ್ಳಿ. ಮೊದಲ 500 ಕಿಲೋಮೀಟರ್ ಒಂದೇ ಸ್ಪೀಡಲ್ಲಿ ಹೈವೇ ಹಿಡೀಬೇಡಿ, ಹಿಂದೆ ಭಾವನ್ನಂತೂ ಕೂರಿಸ್ಕೋಬೇಡಿ. ಎಕ್ಸ್‌ಲೇಟರ್ ಬಿಟ್ಟಾಗ ರೇಸ್ ನಿಂತ್ಕೊಂಡ್ರೆ ಸ್ಕ್ರೂ ಮುಟ್ಬೇಡಿ, ಗಾಡಿ ಆಫ್ ಮಾಡಿ ಫೋನ್ ಮಾಡಿ ಮೇಸ್ತ್ರಿಗೆ.

ಬ್ಲಾಕ್ ಬಿಚ್ಚಿದ ದಿನ ಪಿಸ್ಟನ್ ಫೋಟೋ ಹಾಕಿ, ಸೈಲೆನ್ಸರ್ ಕಡೆ ಮುಖದ್ದು, ಒರೆಸ್ದೇ ಹಂಗೇ ತೆಗೀರಿ.