ಶಿರಸಿ ಮಾರಿಕಾಂಬೆ: ಜಾತ್ರೆ ಮುಗಿದ ಮೇಲೆ ದರ್ಶನ ಯಾಕಿಲ್ಲ?

ಪ್ರಶ್ನೆ: ನನ್ನ ತವರು ದಾವಣಗೆರೆ ಕಡೆ, ಮದುವೆಯಾಗಿ ಶಿರಸಿಗೆ ಬಂದವಳು. ಜಾತ್ರೆ ಮುಗಿದ ಮಾರನೇ ದಿನ ಗುಡಿಗೆ ಹೊರಟರೆ ಅತ್ತೆ ತಡೆದರು. 'ಅಮ್ಮನ ಗಂಡ ಸತ್ತಿದ್ದಾನೆ, ಯುಗಾದಿವರೆಗೆ ದರ್ಶನ ಇಲ್ಲ' ಅಂದರು. ಕೋಣದ ಕಥೆಯನ್ನೂ ಹೇಳಿದರು. ಕೇಳಿ ಮನಸ್ಸಿಗೆ ಕಸಿವಿಸಿಯಾಯಿತು. ಇದು ನಿಜವಾಗಿ ನಡೆದದ್ದೇ? ಕೋಣ ಕಡಿಯುವುದು ಈಗಲೂ ಇದೆಯೇ? ಮಕ್ಕಳು ಕೇಳಿದರೆ ಏನು ಹೇಳಲಿ?

ಉತ್ತರ: ದರ್ಶನದ ವಿಷಯದಲ್ಲಿ ನಿಮ್ಮ ಅತ್ತೆಯವರ ಮಾತು ಸರಿ. 2024ರ ಜಾತ್ರೆ ಮಾರ್ಚ್ 27ಕ್ಕೆ ಮುಗಿಯಿತು, ಯುಗಾದಿ ಬಂದದ್ದು ಏಪ್ರಿಲ್ 9ಕ್ಕೆ. ಆ ನಡುವಿನ ದಿನಗಳಲ್ಲಿ ಗದ್ದುಗೆ ಬರಿದಾಗಿರುತ್ತದೆ. ಎಂಟು ಕೈಗಳ, ಸುಮಾರು ಏಳು ಅಡಿಯ ಮರದ ಮೂರ್ತಿಯನ್ನು ಬಿಚ್ಚಿ ಇಟ್ಟಿರುತ್ತಾರೆ. ಯುಗಾದಿಯಂದು ಪುನರ್ ಪ್ರತಿಷ್ಠೆ ಆದ ಮೇಲೆಯೇ ಮತ್ತೆ ಹಣ್ಣುಕಾಯಿ, ಉಡಿ ಸೇವೆ.

ಕಥೆ ಗೊತ್ತಿಲ್ಲದ ಓದುಗರಿಗಾಗಿ ಚುಟುಕಾಗಿ ಹೇಳುತ್ತೇನೆ. ಅಸ್ಪೃಶ್ಯರೆಂದು ದೂರವಿಟ್ಟಿದ್ದ ಮಾತಂಗ ಕುಲದ ಹುಡುಗನೊಬ್ಬ ಕುಲ ಮುಚ್ಚಿಟ್ಟು, ಬ್ರಾಹ್ಮಣನೆಂದು ಹೇಳಿಕೊಂಡು ಬ್ರಾಹ್ಮಣರ ಮಗಳನ್ನು ಮದುವೆಯಾಗುತ್ತಾನೆ. ಮಕ್ಕಳೂ ಆಗುತ್ತವೆ. ಒಂದು ದಿನ ಅವನ ತಾಯಿ ಮಗನ ಮನೆ ನೋಡಲು ಬರುತ್ತಾಳೆ. ಸೊಸೆ ಹೋಳಿಗೆ ಬಡಿಸುತ್ತಾಳೆ. ಮುದುಕಿ ಬಾಯಿಗಿಟ್ಟುಕೊಂಡು, 'ಆಹಾ, ಸುಟ್ಟ ಕೋಣದ ನಾಲಿಗೆ ತಿಂದ ಹಾಗಿದೆ' ಅಂದುಬಿಡುತ್ತಾಳೆ. ಗುಟ್ಟು ರಟ್ಟಾಗುತ್ತದೆ. ಹುಡುಗಿ ತಂದೆಯ ಹತ್ತಿರ ಹೋಗಿ, ನಾಯಿ ಮುಟ್ಟಿದ ಮಡಕೆಯನ್ನು ಏನು ಮಾಡಬೇಕೆಂದು ಕೇಳುತ್ತಾಳೆ. ಸುಡಬೇಕು ಎನ್ನುತ್ತಾನೆ ಅವನು. ಅವಳು ಮನೆಗೆ ಬೆಂಕಿಯಿಟ್ಟು ಉಗ್ರರೂಪ ತಾಳಿ ಮಾರಿಯಾಗುತ್ತಾಳೆ. ಓಡಿದ ಗಂಡ ಕೋಣದೊಳಗೆ ಅಡಗಿದರೆ, ಮಕ್ಕಳು ಕುರಿ, ಕೋಳಿಗಳಲ್ಲಿ ಅಡಗುತ್ತಾರೆ. ಅವಳು ಎಲ್ಲರನ್ನೂ ಕಡಿಯುತ್ತಾಳೆ.

ಇದು ಶಿರಸಿಯಲ್ಲಿ ನಡೆದ ಘಟನೆಯಲ್ಲ. ಕರ್ನಾಟಕದ ಹತ್ತಾರು ಮಾರಿಗುಡಿಗಳಲ್ಲಿ ಅಲ್ಪಸ್ವಲ್ಪ ಬದಲಾವಣೆಯೊಂದಿಗೆ ಇದೇ ಕಥೆ ಕೇಳಸಿಗುತ್ತದೆ. ಕೆಲವೆಡೆ ಹೋಳಿಗೆ ಹೋಗಿ ಶಾವಿಗೆ ಬರುತ್ತದೆ, ಅಷ್ಟೇ. ಮೂರು ವರ್ಷಕ್ಕೊಮ್ಮೆ ಜಾತ್ರೆ ನಡೆಯುವ ಸಾಗರದಲ್ಲಂತೂ ಅಮ್ಮನಿಗೆ ತವರುಮನೆ ಬೇರೆ, ಗಂಡನಮನೆ ಬೇರೆ, ಎರಡು ಗುಡಿಗಳೇ ಇವೆ. ಶಿರಸಿಗೇ ಸೇರಿದ ಐತಿಹ್ಯ ಬೇರೆಯದು. ಹಾನಗಲ್ಲಿನಲ್ಲಿ ಜಾತ್ರೆ ಮುಗಿದ ಮೇಲೆ ಮೂರ್ತಿ, ಒಡವೆಗಳನ್ನಿಟ್ಟಿದ್ದ ಪೆಟ್ಟಿಗೆಯನ್ನು ಕಳ್ಳರು ಹೊತ್ತು ತಂದರಂತೆ. ಒಡವೆ ಹಂಚಿಕೊಂಡು ಪೆಟ್ಟಿಗೆಯನ್ನು ಇಲ್ಲಿನ ಕೆರೆಗೆ ಎಸೆದರಂತೆ. ನಡು ಊರಿನ ದೇವಿಕೆರೆಗೆ ಆ ಹೆಸರು ಅಂಟಿಕೊಂಡದ್ದು ಹಾಗೆ. ಪ್ರತಿಷ್ಠೆ ಆದದ್ದು 17ನೇ ಶತಮಾನದ ಕೊನೆಗೆ, ಸೋದೆ ಅರಸರ ಕಾಲದಲ್ಲಿ.

ನಿಮಗಾದ ಕಸಿವಿಸಿ ಸಹಜ, ಆಗಬೇಕಾದದ್ದೇ. ಜಾತಿ ಮೀರಿದ ಮದುವೆಗೆ ಶಿಕ್ಷೆ ಏನೆಂದು ಹೇಳುವ ಕಥೆ ಇದು, ಮತ್ತು ಶಿಕ್ಷೆಯನ್ನು ದೇವಿಯ ಕೈಯಿಂದಲೇ ಕೊಡಿಸುತ್ತದೆ. ಬಲಿಯಾಗುವ ಕೋಣ ಯಾರೆಂಬುದೂ ಅದರಲ್ಲಿ ಸ್ಪಷ್ಟವಾಗಿದೆ. ಬಲಿಗೆ ಸಮರ್ಥನೆಯಾಗಿ ಹೆಣೆದ ಕಥೆ ಎಂದೇ ನನ್ನ ಅಭಿಪ್ರಾಯ.

ಆದರೆ ಜಾತ್ರೆಯಲ್ಲಿ ಯಾರು ಏನು ಮಾಡುತ್ತಾರೆಂದು ಗಮನಿಸಿ, ಆಗ ಕಥೆ ಹೇಳದ ಸಂಗತಿಗಳು ಕಾಣುತ್ತವೆ. ಇಲ್ಲಿ ಪೂಜೆ ವೈದಿಕರದ್ದಲ್ಲ, ವಿಶ್ವಕರ್ಮರದ್ದು. ಮರ ಕೆತ್ತುವ ಕುಲದವರೇ ಮರದ ಅಮ್ಮನಿಗೆ ಅರ್ಚಕರು. ಮಾರಿಯ ಹಾಡು ಹಾಡುವ ದಲಿತ ಕುಲದ ಅಸಾದಿಗಳು ಹಾಡದೆ ಜಾತ್ರೆ ಸಾಗುವುದಿಲ್ಲ. ಜಾತ್ರೆಗೆ ಮುನ್ನ ವಾರಗಟ್ಟಲೆ ನಡೆಯುವ ಹೊರಬೀಡು, ಅಂಕೆ ಹಾಕುವುದು ಎಂಬ ವಿಧಿಗಳು, ಇವೆಲ್ಲದರಲ್ಲೂ ಒಂದೊಂದು ಮನೆತನದ ಬಾಬುದಾರರಿಗೆ ಒಂದೊಂದು ಹಕ್ಕು, ಒಂದೊಂದು ಹೊಣೆ. ಕಥೆ ಯಾರನ್ನು ಹೊರಗಿಡುತ್ತದೋ ಅವರಿಲ್ಲದೆ ಆಚರಣೆ ಒಂದು ಹೆಜ್ಜೆಯೂ ಮುಂದೆ ಹೋಗದು. ಕೊನೆಯ ದಿನ ಅಮ್ಮ ಜಾತ್ರೆ ನಡೆಯುವ ಬಿಡ್ಕಿಬೈಲಿನ ಗದ್ದುಗೆಯಿಂದ ಎದ್ದ ಮೇಲೆ ಮಾತಂಗಿ ಚಪ್ಪರಕ್ಕೆ ಬೆಂಕಿ ಹಚ್ಚುತ್ತಾರೆ. ಒಣಹುಲ್ಲು ಒಮ್ಮೆಲೇ ಹೊತ್ತಿಕೊಳ್ಳುತ್ತದೆ, ಜನ ಕೈ ಮುಗಿಯುತ್ತಾರೆ. ಸುಡುತ್ತಿರುವುದು ಗಂಡನ ಮನೆಯನ್ನು, ಆದರೆ ಆ ಚಪ್ಪರಕ್ಕಿರುವುದು ಮಾತಂಗಿಯ ಹೆಸರು! ಅಮ್ಮ ಯಾವ ಕುಲದವಳೆಂದು ಕಥೆಗೆ ಗೊತ್ತಿರುವಷ್ಟು ಖಚಿತವಾಗಿ ಆಚರಣೆಗೆ ಗೊತ್ತಿದ್ದಂತಿಲ್ಲ.

ಕೋಣದ ಬಗ್ಗೆ: ಕಡಿಯುವುದು ನಿಂತು ಬಹಳ ಕಾಲವಾಯಿತು. 1934ರಲ್ಲಿ ಹರಿಜನ ಪ್ರವಾಸದ ವೇಳೆ ಶಿರಸಿಗೆ ಬಂದ ಗಾಂಧೀಜಿ, ಪ್ರಾಣಿಬಲಿ ಕೊಡುವ ಗುಡಿಗೆ ಬರಲು ಒಪ್ಪಲಿಲ್ಲ. ಅದು ಊರಿಗೆ ನಾಟಿತು. ಆಗಿನ ಧರ್ಮದರ್ಶಿಗಳು ಮತ್ತು ಊರಿನ ಗಾಂಧಿವಾದಿಗಳು ಪಟ್ಟು ಹಿಡಿದು ಬಲಿ ನಿಲ್ಲಿಸಿದರು. ರಾಜ್ಯದ ಪ್ರಾಣಿಬಲಿ ತಡೆ ಕಾಯ್ದೆ ಬಂದದ್ದು 1959ರಲ್ಲಿ. ಬಲಿ ನಿಂತರೂ ಕೋಣ ಜಾತ್ರೆಯಿಂದ ಮರೆಯಾಗಲಿಲ್ಲ. ಪಟ್ಟದ ಕೋಣವೆಂದು ಅದಕ್ಕೆ ಈಗಲೂ ಮರ್ಯಾದೆ ಇದೆ. ಅದರಿಂದ ಸಿರಿಂಜಿನಲ್ಲಿ ಒಂದಿಷ್ಟು ರಕ್ತ ತೆಗೆದು ಅಮ್ಮನ ಮುಂದಿಡುವ ಸಾಂಕೇತಿಕ ಕ್ರಮವೂ ರೂಢಿಗೆ ಬಂತು. ದೇವರು ಕೋಪಿಸಿಕೊಂಡಾಳು ಎಂದು ಹೆದರುವವರಿಗೆ ನಾನು ಶಿರಸಿಯನ್ನೇ ತೋರಿಸುತ್ತೇನೆ. ಬಲಿ ನಿಂತ ಮೇಲೆ ಜಾತ್ರೆ ಬೆಳೆದಿದೆ.

ಮಕ್ಕಳಿಗೆ ಹೇಳಿ, ಮುಚ್ಚಿಡಬೇಡಿ. ನೀವು ಹೇಳದಿದ್ದರೆ ಜಾತ್ರೆಪೇಟೆಯಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. 'ಹಿಂದಿನವರು ಹೀಗೆ ಕಥೆ ಕಟ್ಟಿದ್ದರು' ಎಂದು ಶುರುಮಾಡಿ, ಗಾಂಧೀಜಿಯ ಭಾಗವನ್ನು ಬಿಡದೆ ಸೇರಿಸಿ. 'ಆ ಹುಡುಗನ ತಪ್ಪೇನು?' ಎಂದು ಮಗು ಕೇಳಿದರೆ ಅತ್ತೆಯವರ ಮುಖ ನೋಡಬೇಡಿ, ನೀವೇ ಉತ್ತರಿಸಿ.

ಪ್ರಶ್ನೆ: ನಾವು ಪುಣೆಯಲ್ಲಿರುವವರು. ಉಡಿ ತುಂಬುವ ಹರಕೆ ಇದೆ. ಜಾತ್ರೆಗೆ ಯಾವಾಗ ಬಂದರೆ ಅನುಕೂಲ?

ಉತ್ತರ: ಜಾತ್ರೆ ಎರಡು ವರ್ಷಕ್ಕೊಮ್ಮೆ, ಸಮಸಂಖ್ಯೆಯ ವರ್ಷಗಳಲ್ಲಿ, ಫೆಬ್ರವರಿ ಅಥವಾ ಮಾರ್ಚ್‌ನಲ್ಲಿ ಒಂಬತ್ತು ದಿನ. ಮಂಗಳವಾರ ರಾತ್ರಿ ಗುಡಿಯಲ್ಲಿ ಕಲ್ಯಾಣೋತ್ಸವ, ಬುಧವಾರ ಬೆಳಿಗ್ಗೆ ರಥದಲ್ಲಿ ಬಿಡ್ಕಿಬೈಲಿಗೆ ಮೆರವಣಿಗೆ. ಸೇವೆಗಳು ಗುರುವಾರದಿಂದ. ರಥ ನೋಡುವ ಆಸೆಯಿಲ್ಲದಿದ್ದರೆ ಶನಿವಾರ, ಭಾನುವಾರ ಬಿಟ್ಟು ವಾರದ ನಡುವಿನ ದಿನ ನಸುಕಿಗೇ ಬನ್ನಿ. ಹರಕೆ ಜಾತ್ರೆಗೇ ಎಂದು ಹೊತ್ತದ್ದಲ್ಲವಾದರೆ ಯುಗಾದಿ ಕಳೆದು ಬರುವುದು ಇನ್ನೂ ಒಳ್ಳೆಯದು. ಗೋಡೆಯ ಮೇಲಿನ ಕೆಮ್ಮಣ್ಣಿನ ಕಾವಿ ಚಿತ್ತಾರವನ್ನು ನಿಂತು ನೋಡಲು ಪುರುಸೊತ್ತಾದರೂ ಸಿಗುತ್ತದೆ. ಜಾತ್ರೆಗೆ ತುಸು ಮುಂಚೆ, ಮೂರ್ತಿಗೆ ಹೊಸ ಬಣ್ಣ ಬಳಿಯುವ ದಿನಗಳಲ್ಲೂ ದರ್ಶನ ಇರುವುದಿಲ್ಲ. ಟಿಕೆಟ್ ಮಾಡಿಸುವ ಮೊದಲು ದೇವಸ್ಥಾನದ ಕಚೇರಿಗೆ ಒಂದು ಫೋನ್ ಮಾಡಿ.